ಎಡತೋಳಿನ ನವಿಲು

"ಅರ್ಧ ಗಂಟೆಯ ಕೆಲಸ ಅಮ್ಮಾ" ಎಂದು ನಾನು ಹೇಳಿದೆ. ಹೇಳುವಾಗ ನನಗೆ ಪೂರ್ಣ ನಂಬಿಕೆಯಿತ್ತು. ಸ್ವಲ್ಪವಾದರೂ ಅನುಮಾನವಿದ್ದಿದ್ದರೆ ಮುಕ್ಕಾಲು ಗಂಟೆ ಎನ್ನುತ್ತಿದ್ದೆ. ನಾನು ಮಧುಗಿರಿಯ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು. ಅಂದಾಜು ಹೇಳುವಾಗಲೂ ಒಂದು ಶಿಸ್ತು ಇಟ್ಟುಕೊಂಡವಳು.

"ನೀನು ಅರ್ಧ ಗಂಟೆ ಅಂದ್ರೆ ನಂಗೆ ಭಯ ಕಣೇ ಸಿಂಧು" ಅಂದಳು ಅಮ್ಮ. "ಹೋದ್ಸಲ ಮಿಕ್ಸಿ ಬಿಚ್ದಾಗ್ಲೂ ಇಂಗೇ ಅಂದಿದ್ದೆ."

ಮಿಕ್ಸಿಯ ವಿಷಯ ಬೇರೆ. ಅದು ಹಾರ್ಡ್‌ವೇರ್.

ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅಮ್ಮನ ಕಂಪ್ಯೂಟರ್ ಎಂಬ್ರಾಯಿಡರಿ ಅಂಗಡಿ. ಕೋಣೆಯ ಮುಕ್ಕಾಲು ಭಾಗವನ್ನು ಹೊಲಿಗೆಯ ಯಂತ್ರವೇ ತಿಂದಿದೆ. ಅದರ ಸಾಲು ಸೂಜಿಗಳಿಗೆ ಬಣ್ಣಬಣ್ಣದ ದಾರ ಪೋಣಿಸಿ, ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಡಿಸೈನ್ ತುಂಬಿದ ಪೆನ್‌ಡ್ರೈವ್ ಚುಚ್ಚಿ ಒಂದು ಗುಂಡಿ ಒತ್ತಿದರೆ ಸಾಕು. ಬೀದಿಗೆಲ್ಲ ಕೇಳುವಂತೆ ಟಕಟಕ ಸದ್ದು ಮಾಡುತ್ತಾ ರವಿಕೆಯ ತೋಳಿನ ಮೇಲೆ ನವಿಲು, ಆನೆ, ಪಲ್ಲಕ್ಕಿ, ಬೇಕೆಂದರೆ ಮದುಮಕ್ಕಳ ಮುಖವನ್ನೂ ಹೊಲಿದು ಕೊಡುತ್ತದೆ. ಪಕ್ಕದ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದೆ. ಗಿರಾಕಿಗಳಿಗೆ ಡಿಸೈನುಗಳನ್ನು ತೋರಿಸುವುದು ಮತ್ತು ಬೆಳಿಗ್ಗೆ ದೇವರ ಹಾಡು ಹಾಡುವುದು ಅದರ ಕೆಲಸ.

ಈ ಕಂಪ್ಯೂಟರಿನಲ್ಲಿ ಇದ್ದದ್ದು ಎಲ್ಲರ ಮನೆಯಲ್ಲೂ ಇರುವ ಆ ಪ್ರಸಿದ್ಧ ವ್ಯವಸ್ಥೆ. ಅದು ಎಷ್ಟು ನಿಧಾನವೆಂದರೆ, ಅಮ್ಮ ಸ್ವಿಚ್ ಹಾಕಿ ಒಳಗೆ ಬಂದು, ಮುದ್ದೆಗೆ ಎಸರಿಟ್ಟು, ತಿರುವಿ, ಕಟ್ಟಿಟ್ಟು ಹೋದರೆ ಆಗ ತಾನೇ ಕಣ್ಣು ಬಿಡುತ್ತಿತ್ತು. ನನ್ನ ಬಳಿ ಇದಕ್ಕೆ ಮದ್ದಿತ್ತು. ಲಿನಕ್ಸ್! ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನೇ ತೆಗೆದು, ಜಗತ್ತಿನ ಸಾವಿರಾರು ಜನ ಸೇರಿ ಕಟ್ಟಿ ಪುಕ್ಕಟೆ ಹಂಚುವ ಈ ತಂತ್ರಾಂಶವನ್ನು ಹಾಕಿದರೆ ಮುದಿ ಕಂಪ್ಯೂಟರೂ ಹರೆಯದ ಹೋರಿಯಂತೆ ಓಡುತ್ತದೆ. ನನ್ನ ಲ್ಯಾಪ್‌ಟಾಪ್ ಹಾಗೆಯೇ ಓಡುತ್ತಿದೆ.

ನಾನು ಸ್ವಭಾವತಃ ಮಾತು ಕಡಿಮೆಯವಳು. ಮದುವೆಮನೆಗೆ ಹೋದರೆ ಕಂಬದ ಪಕ್ಕ ನಿಲ್ಲುತ್ತೇನೆ. ಆದರೆ ಲಿನಕ್ಸ್ ಹಾಕಿಕೊಂಡವರಿಗೆ ಒಂದು ಕಾಯಿಲೆ ಅಂಟುತ್ತದೆ. ನಿಧಾನವಾದ ಕಂಪ್ಯೂಟರ್ ಕಂಡರೆ ಕೈ ಕಡಿಯತೊಡಗುತ್ತದೆ. ಕಾಲೇಜಿನ ಕಚೇರಿಯ ಗುಮಾಸ್ತೆಯೊಂದಿಗೆ ನಾನು ಇದುವರೆಗೆ ಆಡಿದ ಏಕೈಕ ದೀರ್ಘ ಸಂಭಾಷಣೆ ಅವರ ಕಂಪ್ಯೂಟರಿನ ಬಗ್ಗೆ. ಅದಾದ ಮೇಲೆ ಆಕೆ ನನ್ನನ್ನು ಕಂಡರೆ ಊಟದ ಡಬ್ಬಿ ಹಿಡಿದು ಎದ್ದು ಹೋಗುತ್ತಾರೆ.

ಇದೇ ಕಾಯಿಲೆಯವರು ಸೇರಿ ಮೊಬೈಲಿನಲ್ಲಿ "ನಾಲ್ಕು ತಾಲ್ಲೂಕು ಲಿನಕ್ಸ್ ಬಳಗ" ಎಂಬ ಗುಂಪು ಮಾಡಿಕೊಂಡಿದ್ದೇವೆ. ಹೆಸರು ದೊಡ್ಡದು. ಬಾಯಿ ಬಿಡುವ ಸದಸ್ಯರು ಮೂವರೇ. ಕೊರಟಗೆರೆಯ ಶಿವಶಂಕರಯ್ಯನವರು ಗುಂಪಿನ ಹಿರಿಯರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಕಂಪ್ಯೂಟರಿಗೆ ಕೂರುತ್ತಾರೆ. ಶಿರಾದ ರಹಮತ್ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ಪಾವಗಡದ ನಾಗೇಂದ್ರ ಕ್ಯಾತಗಾನಚೆರ್ಲುವಿನ ಬಳಿ ಸೋಲಾರ್ ಫಲಕಗಳ ನಡುವೆ ಕೆಲಸ ಮಾಡುತ್ತಾನೆ. ಅರ್ಧ ಕನ್ನಡ, ಅರ್ಧ ತೆಲುಗು, ಉಳಿದದ್ದೆಲ್ಲ ನಗು. ನಾನು ಅಲ್ಲಿ ಹೆಸರಿನ ಎರಡು ಮೊದಲಕ್ಷರಗಳನ್ನಷ್ಟೇ ಹಾಕಿಕೊಂಡು, ಎಲ್ಲವನ್ನೂ ಓದಿ, ಏನನ್ನೂ ಬರೆಯದೆ ಇದ್ದವಳು. ಅವರೆಲ್ಲ ನನ್ನನ್ನು ನಿವೃತ್ತ ಮೇಷ್ಟರು ಎಂದುಕೊಂಡಿದ್ದರು. ನಾನು ತಿದ್ದಲಿಲ್ಲ. ಅಷ್ಟು ಗೌರವ ಬೇರೆಲ್ಲೂ ಸಿಕ್ಕಿರಲಿಲ್ಲ.

ಇನ್ನು ನವಿಲಿನ ವಿಷಯ. ಶಿರಾ ತಾಲ್ಲೂಕಿನ ಹುಲಿಕುಂಟೆಯ ಜಯಮ್ಮ ತಮ್ಮ ಮಗಳು ಚೈತ್ರಳ ಧಾರೆಯ ರವಿಕೆಯನ್ನು ಅಮ್ಮನಿಗೆ ಒಪ್ಪಿಸಿದ್ದರು. ಚೈತ್ರಳಿಗೆ ಒಂದು ಆಸೆ. ಎರಡು ತೋಳಿನ ಮೇಲೂ ಒಂದೊಂದು ನವಿಲು ಇರಬೇಕು. ಮಂಟಪದಲ್ಲಿ ಕೈ ಜೋಡಿಸಿದಾಗ ಅವೆರಡೂ ಮುಖಾಮುಖಿ ನೋಡಿಕೊಳ್ಳಬೇಕು. ಪಾಪ, ಅದನ್ನು ವಿವರಿಸಲು ಅವಳು ನಮ್ಮ ಅಂಗಡಿಯಲ್ಲಿ ಮತ್ತೆ ಮತ್ತೆ ಕೈ ಮುಗಿದು ತೋರಿಸಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ತಮಗೇ ಎಂದುಕೊಂಡು ತಿರುಗಿ ಮುಗಿದಿದ್ದರು. ಅಮ್ಮ ತುಮಕೂರಿನ ಡಿಸೈನರಿಂದ ಅದಕ್ಕೆಂದೇ ನವಿಲು ಬರೆಸಿ ತಂದಿದ್ದಳು. ಬಲತೋಳಿನ ನವಿಲು ಹೊಲಿದಾಗಿತ್ತು. ನೀಲಿ ಮೈ, ಹಸಿರು ಗರಿ, ಬಂಗಾರದ ಕೊಕ್ಕು. ಸಣ್ಣ ನಡು. ಎಡತೋಳಿನದು ಬಾಕಿ. ಶುಕ್ರವಾರ ಕೊಡುತ್ತೇನೆಂದು ಅಮ್ಮ ಮಾತು ಕೊಟ್ಟಿದ್ದಳು. ಅಂಗಡಿ ತೆರೆದಂದಿನಿಂದ ಅಮ್ಮ ಯಾವ ಮದುಮಗಳನ್ನೂ ಕಾಯಿಸಿದವಳಲ್ಲ. ಹೇಳಿದ ದಿನಕ್ಕೆ ಕೊಡುತ್ತಾಳೆ ಎಂಬ ಒಂದೇ ಮಾತಿನ ಮೇಲೆ ಆ ಅಂಗಡಿ ನಿಂತಿದೆ.

ಬುಧವಾರ ನನಗೆ ರಜೆ. ಲಿನಕ್ಸ್ ಹಾಕುವ ಶುಭಕಾರ್ಯಕ್ಕೆ ಕುಳಿತೆ.

ಮೊದಲು ಅಮ್ಮನ ಫೋಟೋ, ದೇವರ ಹಾಡು, ಹಳೆಯ ಡಿಸೈನುಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ಜೋಪಾನವಾಗಿ ವರ್ಗಾಯಿಸಿದೆ. ಈ ಮುನ್ನೆಚ್ಚರಿಕೆಯ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ. ಹೆಮ್ಮೆಪಡಲು ಆ ದಿನದಲ್ಲಿ ಬೇರೇನೂ ಉಳಿದಿಲ್ಲ. ಅನಂತರ ಲಿನಕ್ಸನ್ನು ಒಂದು ಪೆನ್‌ಡ್ರೈವಿಗೆ ಬರೆದುಕೊಳ್ಳಬೇಕಿತ್ತು. ಹೀಗೆ ಬರೆದರೆ ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಖಾಲಿ ಪೆನ್‌ಡ್ರೈವ್ ಬೇಕು.

ಲಿನಕ್ಸಿನವರ ಮನೆಯಲ್ಲಿ ಖಾಲಿ ಪೆನ್‌ಡ್ರೈವ್ ಇರುವುದಿಲ್ಲ. ಲಿನಕ್ಸಿನಲ್ಲಿ ನೂರಾರು ಬಗೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಒಂದೊಂದು ಪೆನ್‌ಡ್ರೈವಿನಲ್ಲೂ ಒಂದೊಂದನ್ನು ತುಂಬಿಟ್ಟಿರುತ್ತೇವೆ. ನನ್ನ ಡ್ರಾಯರಿನಲ್ಲಿ ಅಂಥವು ಒಂದು ಬೊಗಸೆಯಷ್ಟಿದ್ದವು. ಅಮ್ಮನ ಮುದಿ ಕಂಪ್ಯೂಟರಿಗೆ ಹೊಂದುವ ಬಗೆ ಅವುಗಳಲ್ಲಿರಲಿಲ್ಲ, ಆದರೂ ಯಾವುದನ್ನೂ ಅಳಿಸಲು ಮನಸ್ಸು ಬರಲಿಲ್ಲ. ಸುತ್ತ ಕಣ್ಣಾಡಿಸಿದೆ. ಹೊಲಿಗೆ ಯಂತ್ರದ ಬದಿಯಲ್ಲಿ ಬಣ್ಣ ಹೋದ ಹಳೆಯ ಪೆನ್‌ಡ್ರೈವೊಂದು ಸಿಕ್ಕಿಸಿಕೊಂಡಿತ್ತು. ಕಿತ್ತು ನೋಡಿದೆ. ಹೆಸರೂ ಅರ್ಥವಾಗದ, ತೆರೆಯಲೂ ಬಾರದ ಕೆಲವು ಫೈಲುಗಳು ಕಂಡವು. "ಗುರುತಿಲ್ಲದ ಬಗೆ" ಎಂದಿತು ಲ್ಯಾಪ್‌ಟಾಪ್.

ಗುರುತಿಲ್ಲದವರೊಂದಿಗೆ ನಾನು ವ್ಯವಹರಿಸುವುದಿಲ್ಲ. ಅಳಿಸಿಬಿಟ್ಟೆ.

ಮುಂದಿನದೆಲ್ಲ ಸುಗಮ. ಕಂಪ್ಯೂಟರು ಚಿಟಿಕೆ ಹೊಡೆಯುವುದರೊಳಗೆ ಎದ್ದು ಕೂರುವಂತಾಯಿತು. ಪರದೆಯ ಮೇಲೆ ಮಧುಗಿರಿ ಬೆಟ್ಟದ ಚಿತ್ರ ಹಾಕಿದೆ. ಅಮ್ಮ ಬಂದು ನೋಡಿ, "ಅಯ್ಯೋ, ನಮ್ ಬೆಟ್ಟ ಕಣೇ! ಎಷ್ಟ್ ಬೇಗ ಬಂತು!" ಎಂದು ಬೆರಗಾದಳು. ಎದುರು ಮನೆಯ ಕಮಲಮ್ಮನನ್ನೂ ಕರೆದು ತೋರಿಸಿದಳು. ನಾನು ಬಳಗದಲ್ಲಿ ನನ್ನ ಮೊಟ್ಟಮೊದಲ ಸಂದೇಶ ಬರೆದೆ. "ಮಧುಗಿರಿಯ ಒಂದು ಅಂಗಡಿ ಇಂದು ಲಿನಕ್ಸಿಗೆ ಬಂದಿದೆ." ಶಿವಶಂಕರಯ್ಯನವರು ತಕ್ಷಣ, "ಸರ್, ಅಭಿನಂದನೆಗಳು. ಸ್ವಾತಂತ್ರ್ಯವು ನಿಮ್ಮ ಹೊಸ್ತಿಲು ದಾಟಿದೆ" ಎಂದು ಉತ್ತರಿಸಿದರು. ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುವಾಗ ನನ್ನ ಕಣ್ಣು ತುಂಬಿ ಬಂತು.

ಆಗ ಅಮ್ಮ ಯಂತ್ರದ ಬಳಿ ಬಗ್ಗಿ ಏನನ್ನೋ ಹುಡುಕುತ್ತಿದ್ದಳು.

"ಸಿಂಧು, ಇಲ್ಲಿದ್ದ ಪೆನ್‌ಡ್ರೈವ್ ಎಲ್ಲೇ?"

"ಇದಾ?"

"ಹೂಂ, ಕೊಡು ಇಲ್ಲಿ. ಅದ್ರಲ್ಲೇ ಚೈತ್ರನ ನವ್ಲಿರೋದು."

"ಇದರಲ್ಲಿ ನವಿಲಿಲ್ಲಮ್ಮ."

"ಮತ್ತೇನೈತೆ?"

"ಲಿನಕ್ಸ್ ಇದೆ."

ಅಮ್ಮ ಬೈಯಲಿಲ್ಲ. ಸ್ಟೂಲಿನ ಮೇಲೆ ಕುಳಿತಳು. ಬೈದಿದ್ದರೆ ನಾನೂ ಕುಳಿತುಕೊಳ್ಳಬಹುದಿತ್ತು.

"ಡಿಸೈನರಿಗೆ ಫೋನ್ ಮಾಡೋಣ. ಇನ್ನೊಂದು ಸಲ ಕಳಿಸುತ್ತಾರೆ" ಎಂದೆ.

"ಮಾಲೆ ಹಾಕ್ಕಂಡು ಶಬರಿಮಲೆಗೆ ಹೋಗವ್ನೆ ಕಣಮ್ಮ. ಫೋನು ಮನೇಲೇ ಇಟ್ಟು ಹೋಗವ್ನಂತೆ. ಶನಿವಾರ ಬತ್ತಾನೆ." ಅಮ್ಮ ಬೆಟ್ಟದ ಚಿತ್ರವನ್ನೇ ನೋಡುತ್ತಾ ಹೇಳಿದಳು. "ಶುಕ್ರವಾರ ಜಯಮ್ಮ ಬತ್ತಾಳೆ. ಏನ್ ಹೇಳ್ಲಿ? ಒಂದು ತೋಳಿಗೆ ನವ್ಲೈತೆ, ಇನ್ನೊಂದು ತೋಳಿಗೆ ಸ್ವಾತಂತ್ರ್ಯ ಐತೆ ಅಂತ್ಲಾ?"

ಬಳಗದಲ್ಲಿ ಎರಡನೆಯ ಸಂದೇಶ ಬರೆದೆ. "ತುರ್ತು. ಅಳಿಸಿಹೋದ ಫೈಲ್ ಮರಳಿ ಪಡೆಯುವುದು ಹೇಗೆ? ನವಿಲು."

ನಾನು ಸಂಕಟಕ್ಕೆ ಆರಿಸಿಕೊಂಡ ಗಳಿಗೆ ಚೆನ್ನಾಗಿರಲಿಲ್ಲ. ನಾವು ಬಳಸುವ ಲಿನಕ್ಸಿನ ಹೊಸ ಆವೃತ್ತಿ ಅವತ್ತೇ ಬಿಡುಗಡೆಯಾಗಿತ್ತು. ಪರದೆಯ ಮೇಲೆ ಚಿತ್ರ ಮೂಡಿಸುವ ಹಳೆಯ ವಿಧಾನವನ್ನು ಅದರಲ್ಲಿ ಪೂರ್ತಿ ಕಿತ್ತುಹಾಕಿದ್ದರು. ಬಳಗ ಎರಡು ಹೋಳಾಗಿತ್ತು. ಹಳೆಯದನ್ನು ಕಿತ್ತಿದ್ದು ಘೋರ ಅನ್ಯಾಯವೆಂದು ಶಿವಶಂಕರಯ್ಯನವರು. ಎಷ್ಟು ಕಾಲ ಅಜ್ಜಿಯನ್ನೇ ಗಾಡಿ ಎಳೆಸುತ್ತೀರಿ ಎಂದು ನಾಗೇಂದ್ರ. ಆ ಯುದ್ಧದ ನಡುವೆ ನನ್ನ ನವಿಲು ಬಿತ್ತು.

"ಸರ್, ಪ್ರಶ್ನೆ ಕೇಳುವ ಮೊದಲು ಹಳೆಯ ಸಂದೇಶಗಳಲ್ಲಿ ಹುಡುಕಬೇಕೆಂಬುದು ಬಳಗದ ನಿಯಮ" ಎಂದರು ಶಿವಶಂಕರಯ್ಯನವರು.

ಹುಡುಕಿದೆ. ನವಿಲಿನ ಬಗ್ಗೆ ಏನೂ ಇರಲಿಲ್ಲ.

"ಯಾವ ವರ್ಷನ್ ಅಣ್ಣಾ? ಹಳೇದಾ? ಅಯ್ಯೋ, ಹೊಸದು ವೇಸ್ಕೋ! ಅಂದ್ರೆ ಹಾಕ್ಕೊ! ಅದರಲ್ಲಿ ರಿಕವರಿ ಟೂಲು ಸೂಪರ್ ಐತೆ" ಎಂದ ನಾಗೇಂದ್ರ.

ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳಬಾರದು. ಇದು ನಮ್ಮ ಬಳಗದ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಹೇಳುವ ಮಾತು, ಮತ್ತು ಪ್ರತಿಯೊಬ್ಬರೂ ಬಂದ ದಿನವೇ ಹಾಕಿಕೊಳ್ಳುತ್ತಾರೆ. ನಾನೂ ಹಾಕಿದೆ. ಅಮ್ಮನ ಕಂಪ್ಯೂಟರು ಒಮ್ಮೆ ಆರಿ, ಮತ್ತೆ ಹೊತ್ತಿಕೊಂಡು, ಕಪ್ಪಗೆ ನಿಂತಿತು. ಮಧುಗಿರಿ ಬೆಟ್ಟ ಮಾಯವಾಗಿತ್ತು! ಬ್ರಿಟಿಷರಿಗೂ ಹಂದಾಡದೆ ನಿಂತ ಬೆಟ್ಟ.

"ಈಗ ಇದೂ ಹೋಯ್ತಾ?" ಎಂದಳು ಅಮ್ಮ.

"ಹೋಗಿಲ್ಲ. ಕಾಣಿಸುತ್ತಿಲ್ಲ, ಅಷ್ಟೆ."

"ನಮ್ಮಪ್ಪನೂ ಇಂಗೇ ಅಂತಿದ್ರು, ದೇವ್ರ ಬಗ್ಗೆ."

ಇದನ್ನೂ ಬಳಗದಲ್ಲಿ ಬರೆದೆ. ರಹಮತ್ ಧ್ವನಿ ಸಂದೇಶ ಕಳಿಸಿದರು. "ಅರೇ ಸರ್, ಯಾರ್ ಮಾತೂ ಕೇಳ್ಬೇಡಿ! ಆ ಪೆನ್‌ಡ್ರೈವ್‌ಗೆ ಇನ್ನೇನೂ ಬರೀಬೇಡಿ, ಬಿಲ್ಕುಲ್ ಮುಟ್ಬೇಡಿ. ಅದೂ ಕಂಪ್ಯೂಟರೂ ಎರಡೂ ಎತ್ಕೊಂಡು ಶಿರಾಗೆ ಬಂದ್ಬುಡಿ. ನಾನು ನೋಡ್ತೀನಿ."

ಮರುದಿನ ಕಾಲೇಜಿಗೆ ರಜೆ ಹಾಕಿ, ಕಂಪ್ಯೂಟರಿನ ಡಬ್ಬಿಯನ್ನು ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಶಿರಾದ ಬಸ್ಸಿನಲ್ಲಿ ಕುಳಿತೆ. ಪಕ್ಕದಲ್ಲಿದ್ದ ಅಜ್ಜಿ ಬಹಳ ಹೊತ್ತು ನನ್ನನ್ನೂ ಗಂಟನ್ನೂ ನೋಡಿದರು.

"ಮಗೀನಾ?"

"ಅಲ್ಲಜ್ಜಿ. ಕಂಪ್ಯೂಟರ್."

"ಏನಾಗೈತೆ?"

"ಕಪ್ಪಾಗಿದೆ."

"ಕಾಲ ಇಂಗೇ ಇರಾಕಿಲ್ಲ ಕಣವ್ವ. ಸರಿ ಹೋಗ್ತೈತೆ" ಎಂದು ಅಜ್ಜಿ ಸೀರೆಯ ಮೇಲಿಂದಲೇ ಅದನ್ನು ಒಮ್ಮೆ ಸವರಿದರು. ಆ ಎರಡು ದಿನಗಳಲ್ಲಿ ನನಗೆ ದೊರೆತ ತಾಂತ್ರಿಕ ಸಲಹೆಗಳಲ್ಲೆಲ್ಲ ಅದೊಂದೇ ಯಾವ ಹಾನಿಯನ್ನೂ ಮಾಡಲಿಲ್ಲ.

ರಹಮತ್ ಅವರ ಅಂಗಡಿಯ ಮೆಟ್ಟಿಲು ಹತ್ತಿ, ಉಸಿರು ಸರಿಮಾಡಿಕೊಂಡು, ಬಳಗದಲ್ಲಿ ನನ್ನನ್ನು ಗುರುತಿಸುವ ಎರಡಕ್ಷರಗಳನ್ನು ಹೇಳಿದೆ. ಅವರು ನನ್ನ ಹಿಂದೆ ಇಣುಕಿ ನೋಡಿದರು.

"ಸರ್ ಎಲ್ಲಿ? ಬಸ್ ಸ್ಟ್ಯಾಂಡಲ್ಲವ್ರಾ?"

"ನಾನೇ."

"ಅರೇ!" ಎಂದರು. ಆಮೇಲೆ ತಡವರಿಸಿ, "ಕೂತ್ಕೊಳ್ಳಿ ಸರ್... ಮೇಡಂ. ಚಾಯ್ ತರಿಸ್ತೀನಿ."

ಅಂಗಡಿಯಲ್ಲಿದ್ದ ಅಷ್ಟೂ ಕಂಪ್ಯೂಟರುಗಳಲ್ಲಿ ಆ ಪ್ರಸಿದ್ಧ ವ್ಯವಸ್ಥೆಯೇ ಓಡುತ್ತಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. "ದಿಲ್‌ಗೆ ಲಿನಕ್ಸ್ ಮೇಡಂ. ದಂಧೆಗೆ ಇದು. ಶಿವಶಂಕರಯ್ಯನೋರ್ಗೆ ಹೇಳ್ಬೇಡಿ."

ಕಪ್ಪಾಗಿದ್ದ ಕಂಪ್ಯೂಟರಿಗೆ ಹಳೆಯ ಆವೃತ್ತಿಯನ್ನೇ ಮರಳಿ ಹಾಕಿದರು. ಬೆಟ್ಟ ಬಂತು. ಪೆನ್‌ಡ್ರೈವಿನಲ್ಲಿ ನನ್ನ ಲಿನಕ್ಸ್ ಅರ್ಧ ಜಾಗವನ್ನಷ್ಟೇ ತುಳಿದಿತ್ತು. ಉಳಿದರ್ಧದಿಂದ ಹಳೆಯ ಫೈಲುಗಳನ್ನು ಅಗೆಯತೊಡಗಿದೆವು. ಹೆಸರೆಲ್ಲ ಅಳಿಸಿದ್ದರಿಂದ ಒಂದೊಂದನ್ನೂ ತೆರೆದೇ ನೋಡಬೇಕು. ಮೊದಲು ಸೊಂಡಿಲಿಲ್ಲದ ಆನೆ ಬಂತು. ಆಮೇಲೆ ಯಾವುದೋ ಶಾಲೆಯ ಬ್ಯಾಡ್ಜು. ಆಮೇಲೆ ಬರೀ ಮೀಸೆ. ಯಾರ ಮದುವೆಯ ಗಂಡಿನ ಮುಖದಿಂದ ಉಳಿದದ್ದೋ ತಿಳಿಯದು. ಕಡೆಗೆ, ನನ್ನ ಚಹಾ ಪೂರ್ತಿ ಆರಿದ ಮೇಲೆ, ಪರದೆಯ ಮೇಲೆ ನಿಧಾನವಾಗಿ ಒಂದು ಕೊಕ್ಕು, ಒಂದು ಕತ್ತು, ಒಂದು ಸಣ್ಣ ನಡು, ಕಡೆಗೆ ಗರಿಗಳು!

"ಸುಭಾನಲ್ಲಾ!" ಎಂದರು ರಹಮತ್. ನಾನು ಜೀವನದಲ್ಲಿ ಮೊದಲ ಬಾರಿಗೆ ಅಪರಿಚಿತರ ಅಂಗಡಿಯಲ್ಲಿ ಚಪ್ಪಾಳೆ ತಟ್ಟಿದೆ.

ಅಮ್ಮನಿಗೆ ಫೋನು ಮಾಡಿ, "ನವಿಲು ಸಿಕ್ಕಿತು" ಎಂದೆ. "ಬದ್ಕಿದೆ ಬುಡು" ಎಂದಳು ಅಮ್ಮ. ಅವಳ ದನಿ ಮೊದಲಿನಂತಾಗಿತ್ತು. "ಬೇಗ ಬಾ, ಎಲ್ಲಾ ರೆಡಿ ಮಾಡಿಡ್ತೀನಿ."

ರಹಮತ್ ಪೆನ್‌ಡ್ರೈವನ್ನು ಯಂತ್ರ ಓದಬಲ್ಲ ಹಳೆಯ ರೀತಿಗೆ ಸಿದ್ಧಪಡಿಸಿ ನವಿಲನ್ನು ತುಂಬಿಕೊಟ್ಟರು. ಕೊಡುವಾಗ ಎಚ್ಚರಿಸಿದರು. "ಮಿಷಿನ್ ಇದನ್ನ ಒಪ್ಪುತ್ತೋ ಇಲ್ವೋ, ಮೊದ್ಲು ಏನಾದ್ರೂ ಚಿಕ್ಕದು ಹಾಕಿ ಟೆಸ್ಟ್ ಮಾಡಿ. ಸೀದಾ ನವಿಲಿಗೆ ಕೈ ಹಾಕ್ಬೇಡಿ." ಬಳಗದಲ್ಲಿ ವಿಷಯ ತಿಳಿದ ನಾಗೇಂದ್ರ ಕೂಡಲೇ ಒಂದು ಪುಟ್ಟ ಡಿಸೈನ್ ಕಳಿಸಿದ. ತನ್ನ ಟೋಪಿಗೆ ಹೊಲಿಸಿಕೊಳ್ಳಲು ಮಾಡಿಕೊಂಡದ್ದಂತೆ. "ಇದು ಟೆಸ್ಟ್ ಮಾಡು ಅಕ್ಕಾ, ಎರಡು ನಿಮಿಷಾಲ್ಲೋ ಆಗುತ್ತೆ!" ಸುದ್ದಿ ಶಿರಾದಿಂದ ಪಾವಗಡ ತಲುಪಿ, ನಾನು ಆಗಲೇ ಅಣ್ಣನಿಂದ ಅಕ್ಕನಾಗಿದ್ದೆ.

ಡಿಸೈನ್ ತೆರೆದು ನೋಡಿದೆ. ಪೆಂಗ್ವಿನ್! ಲಿನಕ್ಸಿನ ಗುರುತಿನ ಹಕ್ಕಿ. ಕೂತ ಭಂಗಿ, ತೃಪ್ತ ಮುಖ, ತುಂಬಿದ ಹೊಟ್ಟೆ.

ಮನೆಗೆ ಬಂದಾಗ ಅಮ್ಮ ಇರಲಿಲ್ಲ. ಬಂಗಾರದ ದಾರ ಸಾಲದೆಂದು ಪೇಟೆಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಪರೀಕ್ಷೆ ಮುಗಿಸಿ, ಎಲ್ಲವೂ ಸರಿಯಿದೆ ಎಂಬ ಒಂದು ವಾಕ್ಯದಿಂದ ಅವಳನ್ನು ಸ್ವಾಗತಿಸೋಣ ಎನಿಸಿತು. ಅಮ್ಮ ಗುಂಡಿ ಒತ್ತುವುದನ್ನು ವರ್ಷಗಳಿಂದ ನೋಡಿದ್ದೇನೆ. ಬಿಡುವಿದ್ದಾಗ ಚೌಕಟ್ಟಿನಲ್ಲಿ ಯಾವಾಗಲೂ ಒಂದು ಹಳೆಯ ಬಟ್ಟೆಯನ್ನು ಬಿಗಿದಿಟ್ಟಿರುತ್ತಾಳೆ ಎಂದೂ ಗೊತ್ತು. ಪೆನ್‌ಡ್ರೈವ್ ಚುಚ್ಚಿದೆ. ಯಂತ್ರದ ಪುಟ್ಟ ಪರದೆಯ ಮೇಲೆ ಪೆಂಗ್ವಿನ್ ಮೂಡಿತು. ಒಪ್ಪಿತು! ಯಂತ್ರ ಒಪ್ಪಿತು!

ಗುಂಡಿ ಒತ್ತಿದೆ.

ಲಿನಕ್ಸಿನವರು ಪರದೆಯನ್ನು ನೋಡುತ್ತಾರೆ. ಪರದೆ ಸರಿಯಿದ್ದರೆ ಜಗತ್ತು ಸರಿಯಿದೆ ಎಂದುಕೊಳ್ಳುತ್ತಾರೆ. ನಾನು ಪರದೆಯನ್ನೇ ನೋಡುತ್ತಿದ್ದೆ. ಕೆಳಗೆ ಸೂಜಿಗಳು ಟಕಟಕ ಕುಣಿಯುತ್ತಿದ್ದವು. ನವಿಲಿಗೆಂದು ಪೋಣಿಸಿದ ದಾರಗಳಾದ್ದರಿಂದ ಕಪ್ಪು ಇರಬೇಕಾದಲ್ಲಿ ನೀಲಿ ಬಂತು. ಹೊಟ್ಟೆ ಬಿಳಿ. ಕೊಕ್ಕು ಉಳಿದಿದ್ದ ಚೂರು ಬಂಗಾರದಲ್ಲಿ. ಎಷ್ಟು ಮುದ್ದಾಗಿತ್ತೆಂದರೆ ವಿಡಿಯೋ ಮಾಡಿ ಬಳಗಕ್ಕೆ ಕಳಿಸಿದೆ. ನಾಗೇಂದ್ರ ಸಾಲು ಸಾಲು ಕುಣಿಯುವ ಗೊಂಬೆಗಳನ್ನು ಕಳಿಸಿದ. ಶಿವಶಂಕರಯ್ಯನವರು, "ನಯನ ಮನೋಹರ. ರೇಷ್ಮೆಯ ಮೇಲೆ ಬಹಳ ಶೋಭಿಸುತ್ತಿದೆ" ಎಂದು ಬರೆದರು.

ರೇಷ್ಮೆಯ ಮೇಲೆ?

ಬಗ್ಗಿ ನೋಡಿದೆ. ಅರಿಶಿನ ಬಣ್ಣದ ರೇಷ್ಮೆ. ಅಂಚಿನಲ್ಲಿ ಜರಿ. ನಾನು ಬಂದೊಡನೆ ಹೊಲಿಗೆ ಶುರುವಾಗಲೆಂದು ಅಮ್ಮ "ಎಲ್ಲಾ ರೆಡಿ" ಮಾಡಿಟ್ಟಿದ್ದಳು. ಚೈತ್ರಳ ಎಡತೋಳನ್ನು ಚೌಕಟ್ಟಿಗೆ ಬಿಗಿದಿಟ್ಟಿದ್ದಳು.

ಅದೇ ಗಳಿಗೆಗೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ದಾರದ ಉಂಡೆ.

"ಏನೇ ಅದು?"

"ಟೆಸ್ಟ್" ಎಂದೆ.

"ಅದಲ್ಲ. ಆ ಹಕ್ಕಿ?"

"ಪೆಂಗ್ವಿನ್."

ಅಮ್ಮ ಹತ್ತಿರ ಬಂದು ನೋಡಿದಳು. ಬಿಚ್ಚಿದರೆ ರೇಷ್ಮೆ ತೂತುಬೀಳುತ್ತದೆ. ಜಯಮ್ಮ ಕೊಟ್ಟಿದ್ದು ಸೀರೆಯೊಂದಿಗೆ ಬಂದಿದ್ದ ರವಿಕೆ ಕಣ. ಇನ್ನೊಂದು ತುಂಡು ಇಲ್ಲ. ಇದೆಲ್ಲವೂ ನನಗೆ ಗೊತ್ತಿತ್ತು. ಅಮ್ಮ ಹೇಳಬೇಕಾಗಿರಲಿಲ್ಲ. "ನಾಳೆ ಬೆಳಿಗ್ಗೆ ಬತ್ತಾರೆ" ಎಂದಷ್ಟೇ ಅಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರಿರಲಿಲ್ಲ.

"ಜಯಮ್ಮನಿಗೆ ನಾನೇ ಹೇಳುತ್ತೇನೆ" ಎಂದೆ.

"ನೀನು? ನೀನು ಹಾಲ್ನೋನ ಹತ್ರ ಒಂದು ಲೀಟ್ರು ಜಾಸ್ತಿ ಕೇಳಕ್ಕೂ ನನ್ನೇ ಕಳಿಸ್ತೀಯ." ಅಷ್ಟು ಹೇಳುವಾಗ ಅಮ್ಮನ ತುಟಿಯ ಮೂಲೆ ಸ್ವಲ್ಪ ಅಲ್ಲಾಡಿತು. ಮತ್ತೆ ಪೆಂಗ್ವಿನ್ನನ್ನು ನೋಡಿದಳು. "ಇದೂ ನೀಲೀನೇ. ಅದೂ ನೀಲೀನೇ. ಇದ್ರ ಮೇಲೇ ನವ್ಲು ಹೊಲಿದ್ರೆ ಮುಚ್ಕಳ್ಳಕಿಲ್ವಾ?"

ನಾನು ಸ್ಕೇಲು ಹಿಡಿದು ಬಂದೆ. ಎಂಎಸ್ಸಿ ಗಣಿತಕ್ಕೆ ಮನೆಯಲ್ಲಿ ಮೊದಲ ಬಾರಿಗೆ ಕೆಲಸ ಬಂದಿತ್ತು. ಪೆಂಗ್ವಿನ್ ಪೂರ್ತಿಯಾಗಿ ನವಿಲಿನ ದೇಹದೊಳಗೆ ಬೀಳುವಂತೆ ಅಳತೆ ಮಾಡಿ, ಕೇಂದ್ರ ಗುರುತಿಸಿ, ಚೌಕಟ್ಟನ್ನು ಸರಿಸಿದೆ. ತಲೆ ಅಡಗಿತು. ಕಾಲು ಅಡಗಿತು. ಹೊಟ್ಟೆ ಮಾತ್ರ ಯಾವ ಲೆಕ್ಕಕ್ಕೂ ಅಡಗಲಿಲ್ಲ. ನವಿಲಿನ ನಡು ಸಣ್ಣದು, ಪೆಂಗ್ವಿನ್ನಿನದು ಧಾರಾಳ. ನವಿಲು ಹೊಲಿದು ಮುಗಿದ ಮೇಲೆ ಎರಡು ಬದಿಗೂ ಹೊರಗೆ ಉಳಿದ ಬಿಳಿಯನ್ನು ಅಮ್ಮ ನೀಲಿ ದಾರದಲ್ಲಿ ಮುಚ್ಚಿದಳು. ದಾರದ ಮೇಲೆ ದಾರ, ಅದರ ಮೇಲೆ ದಾರ. ಕಡೆಗೆ ಎಡತೋಳಿನ ಮೇಲೆ ಒಂದು ಸುಂದರವಾದ, ಉಬ್ಬಿದ, ಉಂಡು ಕುಳಿತ ನವಿಲು ಮೂಡಿತು.

ರಾತ್ರಿಯೇ ಅಮ್ಮ ಆ ತೋಳನ್ನು ಜೋಡಿಸಿ ರವಿಕೆ ಹೊಲಿದು ಮುಗಿಸಿದಳು. ಶುಕ್ರವಾರ ಜಯಮ್ಮ, ಚೈತ್ರ ಇಬ್ಬರೂ ಬಂದರು. ಚೈತ್ರ ಒಳಗೆ ಹೋಗಿ ರವಿಕೆ ತೊಟ್ಟು ಬಂದು ಕನ್ನಡಿಯ ಮುಂದೆ ಕೈ ಮುಗಿದಳು. ನವಿಲುಗಳು ಮುಖಾಮುಖಿಯಾದವು. ಬಲಗಡೆಯದು ಬಳ್ಳಿ. ಎಡಗಡೆಯದು ಕುಂಬಳಕಾಯಿ.

ಜಯಮ್ಮ ಕತ್ತು ಆಚೆ ಈಚೆ ಮಾಡಿ ನೋಡಿದರು. "ಇದೇನ್ ಗಿರಿಜಕ್ಕಾ... ಎಡಗಡೆ ನವ್ಲು ಬಸ್ರಿನಾ?"

ಅಮ್ಮ ಬಾಯಿ ತೆರೆದಳು. ಅವಳ ಬಳಿ ಏನೋ ಸಿದ್ಧವಿತ್ತೆಂದು ನನಗೆ ಗೊತ್ತು. ಆದರೆ ಅದಕ್ಕೂ ಮೊದಲು ನಾನೇ ಕಂಬದ ಮರೆಯಿಂದ ಬಂದವಳಂತೆ ಮುಂದೆ ಬಂದು ಹೇಳಿಬಿಟ್ಟೆ. "ಕ್ಷಮಿಸಿ. ತಪ್ಪು ನನ್ನದು. ಅಮ್ಮನದಲ್ಲ. ನವಿಲಿನ ಒಳಗೆ ಒಂದು ಪೆಂಗ್ವಿನ್ ಇದೆ."

"ಅಂಗಂದ್ರೆ?" ಎಂದರು ಜಯಮ್ಮ.

"ಹಿಮದಲ್ಲಿರುವ ಹಕ್ಕಿ. ಹಾರುವುದಿಲ್ಲ."

"ಅದು ನಮ್ ನವ್ಲೊಳಕ್ಕೆ ಯಾಕೆ ಹೋಯ್ತು?"

ಪೆನ್‌ಡ್ರೈವಿನಿಂದ ಆರಂಭಿಸಿ, ಶಬರಿಮಲೆ, ಹೊಸ ಆವೃತ್ತಿ, ಶಿರಾ ಎಲ್ಲವನ್ನೂ ಕ್ರಮಬದ್ಧವಾಗಿ ವಿವರಿಸಿದೆ. ಗಿರಾಕಿಯೊಬ್ಬರ ಮುಂದೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಮುಗಿಸಿದಾಗ ಜಯಮ್ಮನಿಗೆ ಅರ್ಥವಾದದ್ದು ಒಂದೇ. "ಅಂದ್ರೆ ಈವಮ್ಮ ಕಂಪ್ಯೂಟ್ರು ರಿಪೇರಿ ಮಾಡಕ್ಕೋಗಿ ನಮ್ ಹುಡ್ಗೀಗೆ ಹಕ್ಕಿ ಹೊಲಿದವ್ಳೆ."

ಇಷ್ಟು ನಿಖರವಾದ ಸಾರಾಂಶವನ್ನು ನನ್ನ ವಿದ್ಯಾರ್ಥಿಗಳು ಯಾರೂ ಬರೆದಿಲ್ಲ.

ಅಷ್ಟು ಹೊತ್ತಿಗೆ ಕನ್ನಡಿಯ ಕಡೆಯಿಂದ ಒಂದು ಸದ್ದು ಬಂತು. ಚೈತ್ರ ಅಳುತ್ತಿದ್ದಾಳೆಂದು ಅಮ್ಮ ಓಡಿದಳು. ಚೈತ್ರ ನಗುತ್ತಿದ್ದಳು. ಕೈ ಮುಗಿದೇ ನಗುತ್ತಿದ್ದಳು, ನವಿಲುಗಳೆರಡೂ ಕುಲುಕಾಡುತ್ತಿದ್ದವು.

"ಅಮ್ಮಾ, ನೋಡಮ್ಮ! ಬಲಗಡೇದು ನಾನು. ಎಡಗಡೇದು ಅವ್ರು! ಹೊಟ್ಟೆ ನೋಡು, ಅಂಗೇ ಇಲ್ವಾ?"

"ಲೇ, ಗಂಡನ್ನ ಅಂಗನ್ಬಾರ್ದು" ಎಂದು ಗದರಿದ ಜಯಮ್ಮ ಮತ್ತೊಮ್ಮೆ ಎಡತೋಳನ್ನು ನೋಡಿದರು. ದಿಟ್ಟಿಸಿ ನೋಡಿದರು. ಅವರ ಮುಖವೂ ನಿಲ್ಲಲಿಲ್ಲ. "ಹೂಂ ಕಣೇ. ನಿಶ್ಚಿತಾರ್ಥದಾಗೆ ಊಟಕ್ಕೆ ಕುಂತಿದ್ದಂಗೇ ಐತೆ."

"ಬುಡಿ ಗಿರಿಜಾಂಟಿ, ಇದೇ ಇರ್ಲಿ" ಎಂದಳು ಚೈತ್ರ ಕಣ್ಣೊರೆಸಿಕೊಳ್ಳುತ್ತಾ. "ಧಾರೆ ಟೈಮಲ್ಲಿ ಭಯ ಆದ್ರೆ ಇದನ್ನ ನೋಡ್ಕತೀನಿ."

ಜಯಮ್ಮ ರವಿಕೆಯನ್ನು ಮಡಿಸಿ ಚೀಲಕ್ಕಿಟ್ಟುಕೊಂಡು ಹೊರಡುವಾಗ ಅಮ್ಮನಿಗೆ ಹೇಳಿದರು. "ಶುಕ್ರವಾರ ಅಂದಿದ್ದೆ, ಶುಕ್ರವಾರ ಕೊಟ್ಟೆ ಕಣಕ್ಕ. ಆ ಮಾತು ಮಾತ್ರ ತಪ್ಪಕಿಲ್ಲ ನೀನು." ಅವರು ಬೀದಿಯ ತಿರುವು ದಾಟುವವರೆಗೂ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ಯಂತ್ರಕ್ಕೆ ಬಟ್ಟೆ ಹೊದಿಸಿ, ನನ್ನ ಕಡೆ ತಿರುಗಿದಳು.

"ಆ ಕಂಪ್ಯೂಟ್ರು ಮೊದ್ಲಿದ್ದಂಗೇ ಮಾಡ್ಸು."

"ಆದರೆ ಅದು ನಿಧಾನ ಅಮ್ಮಾ."

"ನಿಧಾನಾನೇ ಇರ್ಲಿ. ನಿಧಾನ ಇದ್ರೆ ನೀನು ಏನ್ ಮಾಡ್ತಿದ್ದೀಯ ಅಂತ ನೋಡಿ ನಿಲ್ಲಿಸ್ಬೌದು."

ಮತ್ತೆ ಸೀರೆ, ಮತ್ತೆ ಶಿರಾದ ಬಸ್ಸು. ರಹಮತ್ ಏನೂ ಕೇಳದೆ ಹಳೆಯ ವ್ಯವಸ್ಥೆಯನ್ನು ಹಾಕಿಕೊಟ್ಟರು. ಈಗ ಅಮ್ಮ ಮೊದಲಿನಂತೆ ಸ್ವಿಚ್ ಹಾಕಿ ಮುದ್ದೆ ತಿರುವಲು ಒಳಗೆ ಬರುತ್ತಾಳೆ.

ಮೊನ್ನೆ ಶಿವಶಂಕರಯ್ಯನವರು ಬಳಗದಲ್ಲಿ ವಿಚಾರಿಸಿದರು. "ಮೇಡಂ, ನಿಮ್ಮ ತಾಯಿಯವರ ಅಂಗಡಿಯಲ್ಲಿ ಲಿನಕ್ಸ್ ಹೇಗೆ ನಡೆಯುತ್ತಿದೆ? ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇತರರಿಗೆ ಹಾಕಿಕೊಟ್ಟವರು ನೀವೊಬ್ಬರೇ."

ನಾನು ಸುಳ್ಳು ಹೇಳುವವಳಲ್ಲ. ಬಹಳ ಯೋಚಿಸಿ ಹೀಗೆ ಬರೆದೆ. ಅಂಗಡಿಯ ಕಂಪ್ಯೂಟರಿನಲ್ಲಿ ಲಿನಕ್ಸ್ ಈಗ ಇಲ್ಲ. ಆದರೆ ಶಿರಾ ತಾಲ್ಲೂಕಿನ ಹುಡುಗಿಯೊಬ್ಬಳ ಧಾರೆ ರವಿಕೆಯಲ್ಲಿ, ನವಿಲೊಂದರ ಹೊಟ್ಟೆಯೊಳಗೆ, ಯಶಸ್ವಿಯಾಗಿ ಸ್ಥಾಪಿತವಾಗಿದೆ. ಅಲ್ಲಿಂದ ಅದನ್ನು ಅಳಿಸಲು ಸಾಧ್ಯವೇ ಇಲ್ಲ. ನಾನೂ ಅಮ್ಮನೂ ಪ್ರಯತ್ನಿಸಿ ನೋಡಿದ್ದೇವೆ.